ಕವಿವರ್ಯ ರವೀಂದ್ರನಾಥ ಠಾಕೂರರು: ಹಾರುವ ಹಕ್ಕಿಗಳೂ ಕೂಡಿ ಹಾಡುವ ಹಾಡೂ

ಮಾಗಿಯ ದಿನಗಳಲ್ಲಿ ಉಚ್ಚಿಲದ ಕಡಲ ತಡಿಯಲ್ಲಿ ಮುಂಜಾನೆ ನಿಂತು ನೋಡಿದವರಿಗೆ ಬಿಳಿಯ ಕಡಲಹಕ್ಕಿಗಳ ಹಿಂಡುಗಳು ಅಪರಿಚಿತವಲ್ಲ. ಬಲೆ ಎಳೆಯುವವರು ಹಗ್ಗವನ್ನು ಹಿಡಿದು ಒಂದೇ ದನಿಯಲ್ಲಿ ಕೂಗಿ, ಒಂದೇ ಸಾರಿಗೆ ಹಿಂದಕ್ಕೆ ಹೆಜ್ಜೆ ಇಡುತ್ತಿರುವಾಗ, ಅವರ ತಲೆಯ ಮೇಲೆ ಆ ಹಕ್ಕಿಗಳು ಸುತ್ತು ಹಾಕುತ್ತಿರುತ್ತವೆ. ಒಂದು ತಿರುಗಿದರೆ ಹಿಂಡೆಲ್ಲ ತಿರುಗುವುದು. ಒಂದು ಮೇಲೇರಿದರೆ ಹಿಂಡೆಲ್ಲ ಮೇಲೇರುವುದು. ಕೆಳಗೆ ಮನುಷ್ಯರ ಮೇಳ, ಮೇಲೆ ಹಕ್ಕಿಗಳ ಮೇಳ. ಇವೆರಡನ್ನೂ ಒಟ್ಟಿಗೆ ಕಂಡು ಬೆಳೆದ ನಮ್ಮ ಊರ ಮಕ್ಕಳಿಗೆ, ಹಕ್ಕಿಯ ಹಾರಾಟಕ್ಕೂ ಕೂಡಿ ಹಾಡುವ ಹಾಡಿಗೂ ಏನೋ ಒಂದು ನಂಟು ಇದೆಯೆಂಬುದನ್ನು ಬೇರೆಯಾಗಿ ಹೇಳಬೇಕಾಗಿಲ್ಲ.

ಈ ಹಕ್ಕಿಗಳು ನಮ್ಮ ಕಡಲಿನಲ್ಲಿ ಹುಟ್ಟಿದವುಗಳಲ್ಲ. ಅವುಗಳಲ್ಲಿ ಕಂದು ತಲೆಯ ಕಡಲಹಕ್ಕಿಯೆಂಬ ಒಂದು ಜಾತಿಯುಂಟು. ಅದು ಬೇಸಗೆಯಲ್ಲಿ ಟಿಬೆಟ್, ಲಡಾಖ್ ಮೊದಲಾದ ಎತ್ತರದ ನಾಡುಗಳ ಸರೋವರಗಳ ಬಳಿ ಗೂಡು ಕಟ್ಟಿ ಮರಿಮಾಡುತ್ತದೆ. ಚಳಿ ಮೊದಲಾದೊಡನೆ ಹಿಮಾಲಯವನ್ನು ದಾಟಿ ಭರತಖಂಡದ ಕರಾವಳಿಗೆ ಇಳಿಯುತ್ತದೆ. ನಮ್ಮಲ್ಲಿರುವಾಗ ಅದರ ತಲೆ ಬಿಳುಪಾಗಿದ್ದು, ಕಣ್ಣಿನ ಹಿಂದೆ ಕಪ್ಪು ಚುಕ್ಕೆಯೊಂದು ಮಾತ್ರ ಕಾಣುವುದು. ಊರಿಗೆ ಮರಳುವ ಕಾಲ ಸಮೀಪಿಸಿದಾಗ ತಲೆಗೆ ಕಂದು ಬಣ್ಣವೇರುತ್ತದೆ. ಹಾಗಾದರೆ ನಮ್ಮ ಮರಳಿನ ಮೇಲೆ ನಡೆದಾಡುವ ಈ ಅತಿಥಿಗಳು ಹಳೆಯ ಕವಿಗಳು ವರ್ಣಿಸಿದ ಮಾನಸ ಸರೋವರದ ಹಂಸಗಳ ನೆರೆಹೊರೆಯವರೆಂದೇ ಹೇಳಬೇಕು. ಮಾನಸಕ್ಕೆ ಮರಳುವ ಹಕ್ಕಿಗಳನ್ನು ತನ್ನ ಪ್ರಾರ್ಥನೆಯ ಹಾಡಿನಲ್ಲಿ ನಿಲ್ಲಿಸಿದ ಮಹಾಕವಿಯೊಬ್ಬನು ಯೌವನದಲ್ಲಿ ನಮ್ಮ ಕನ್ನಡ ಕರಾವಳಿಯಲ್ಲಿಯೇ ಕೆಲಕಾಲ ಇದ್ದು, ಬಾಳಿಗೆ ಬೇಕಾದ ಒಂದು ಮುಖ್ಯವಾದ ಪಾಠವನ್ನು ಇಲ್ಲಿ ಕಲಿತನು. ಆತನೇ ರವೀಂದ್ರನಾಥ ಠಾಕೂರರು. ಅವರ ಚರಿತ್ರೆಯನ್ನು ಈ ಸಂಚಿಕೆಯ ವಾಚಕರಾದ ಹಳೆಯ ವಿದ್ಯಾರ್ಥಿನಿಯರ ಹಾಗೂ ತಾಯಿತಂದೆಗಳ ಮುಂದೆ ಸಂಕ್ಷೇಪವಾಗಿ ಇಡುವುದು ನಮ್ಮ ಉದ್ದೇಶ.

ರವೀಂದ್ರನಾಥರು 1861ನೆಯ ಇಸವಿ ಮೇ 7ನೆಯ ತಾರೀಖಿನಲ್ಲಿ ಕಲ್ಕತ್ತೆಯ ಜೋಡಾಸಾಂಕೋ ಎಂಬಲ್ಲಿಯ ತಮ್ಮ ಮನೆತನದ ದೊಡ್ಡ ಮನೆಯಲ್ಲಿ ಜನಿಸಿದರು. ತಂದೆ ದೇವೇಂದ್ರನಾಥರು ಬ್ರಹ್ಮಸಮಾಜದ ಮುಖಂಡರಾಗಿದ್ದು ಮಹರ್ಷಿಯೆಂಬ ಗೌರವವನ್ನು ಪಡೆದವರು, ತಾಯಿ ಶಾರದಾದೇವಿಯವರು. ರವೀಂದ್ರರು ಅವರ 14ನೆಯ ಸಂತಾನ. ಆ ಮನೆಯಲ್ಲಿ ಪ್ರಾರ್ಥನೆಯೆಂದರೆ ಹಾಡು. ಬ್ರಹ್ಮಸಮಾಜದ ಆರಾಧನೆಯಲ್ಲಿ ಸಭೆಯ ಜನರು ಕೂಡಿ ದೇವರನ್ನು ಹಾಡುವ ಪದ್ಧತಿಯಿದ್ದಿತು. ಅಣ್ಣಂದಿರು ಹಾಡುಗಳನ್ನು ರಚಿಸುತ್ತಿದ್ದರು. ಗಾಯಕರು ಮನೆಗೆ ಬಂದುಹೋಗುತ್ತಿದ್ದರು. ಹೀಗೆ ಬಾಲಕನ ಕಿವಿಗೆ ಮೊದಲು ಬಿದ್ದ ಸಂಗೀತದಲ್ಲಿ ಹಲವರ ದನಿ ಕೂಡಿದ್ದಿತು.

ಆದರೆ ಬಾಲ್ಯದ ದಿನಗಳು ಸ್ವತಂತ್ರವಾಗಿರಲಿಲ್ಲ. ಹುಡುಗರು ಆಳುಗಳ ವಶದಲ್ಲಿದ್ದರು. ಶ್ಯಾಮನೆಂಬ ಆಳು ಬಾಲಕನನ್ನು ಒಂದೆಡೆ ಕುಳ್ಳಿರಿಸಿ, ಸುತ್ತಲೂ ಸೀಮೆಸುಣ್ಣದಿಂದ ವೃತ್ತವೊಂದನ್ನು ಎಳೆದು, ಅದನ್ನು ದಾಟಿದರೆ ಕೇಡು ತಪ್ಪದೆಂದು ಹೆದರಿಸಿ ತನ್ನ ಕೆಲಸಕ್ಕೆ ಹೋಗುತ್ತಿದ್ದನು. ರಾಮಾಯಣದಲ್ಲಿ ಗೆರೆ ದಾಟಿದ ಸೀತಾದೇವಿಗೆ ಬಂದೊದಗಿದ ವಿಪತ್ತನ್ನು ತಿಳಿದಿದ್ದ ಹುಡುಗನು ಆ ವೃತ್ತದೊಳಗೇ ಕುಳಿತು, ಕಿಟಕಿಯಿಂದ ಕೆಳಗಿನ ಕೊಳವನ್ನೂ ಆಲದ ಮರವನ್ನೂ ನೀರಿನಲ್ಲಿ ತೇಲುವ ಬಾತುಗಳನ್ನೂ ದಿನವೆಲ್ಲ ನೋಡುತ್ತಿದ್ದನು. ಮುಂದೆ 1892ರಲ್ಲಿ ಅವರು ಪಂಜರದ ಹಕ್ಕಿಗೂ ಕಾಡಿನ ಹಕ್ಕಿಗೂ ನಡೆದ ಸಂವಾದವನ್ನು ಕವಿತೆಯಾಗಿ ಬರೆದು ಅದಕ್ಕೆ ರಾಗವನ್ನೂ ಕಟ್ಟಿದರು. ಎರಡು ಹಕ್ಕಿಗಳಿಗೂ ಪರಸ್ಪರ ಪ್ರೀತಿಯಿದೆ; ಆದರೆ ಒಂದಕ್ಕೆ ಹೊರಗೆ ಬರಲಾರದು, ಮತ್ತೊಂದಕ್ಕೆ ಒಳಗೆ ಹೋಗಲಾರದು. ಆ ಸೀಮೆಸುಣ್ಣದ ವೃತ್ತವನ್ನು ಬಲ್ಲವರಿಗೆ ಈ ಕವಿತೆಯ ಬೇರು ಎಲ್ಲಿಯದೆಂದು ತಿಳಿಯದೆ ಇರದು.

ಶಾಲೆಯೂ ಅವರಿಗೆ ಪಂಜರವೇ ಆಯಿತು. ಒಂದರ ಮೇಲೊಂದು ಶಾಲೆಗೆ ಸೇರಿಸಿದರೂ ಮನಸ್ಸು ನಿಲ್ಲಲಿಲ್ಲ. ಕಲ್ಕತ್ತೆಯ ಸಂತ ಕ್ಸೇವಿಯರರ ವಿದ್ಯಾಲಯದಲ್ಲಿದ್ದ ದಿನಗಳಲ್ಲಿ ಡಿ ಪೆನೆರಾಂಡಾ ಎಂಬ ಸ್ಪೇನ್ ದೇಶದ ಪಾದ್ರಿಗಳೊಬ್ಬರು ಒಮ್ಮೆ ಈ ಉದಾಸೀನ ಬಾಲಕನ ಬಳಿಗೆ ಬಂದು, ಬಾಗಿ, ಬೆನ್ನ ಮೇಲೆ ಕೈಯಿಟ್ಟು, ಮೈ ಸರಿಯಿಲ್ಲವೇ ಎಂದು ಮೃದುವಾಗಿ ವಿಚಾರಿಸಿದರಂತೆ. ಬೇರೆ ಉಪಾಧ್ಯಾಯರ ಪಾಠಗಳೆಲ್ಲ ಮರೆತುಹೋದರೂ ಆ ಕೈಯ ಸ್ಪರ್ಶವನ್ನು ಕವಿಗಳು ಐವತ್ತರ ವಯಸ್ಸಿನಲ್ಲಿ ತಮ್ಮ ಜೀವನಸ್ಮೃತಿಯನ್ನು ಬರೆಯುವಾಗಲೂ ಮರೆತಿರಲಿಲ್ಲ. ಉಪಾಧ್ಯಾಯವೃತ್ತಿಯಲ್ಲಿರುವ ನಮ್ಮ ಸಹೋದರಿಯರು ಈ ಸಣ್ಣ ಸಂಗತಿಯನ್ನು ಮನಸ್ಸಿನಲ್ಲಿಡುವುದು ಒಳ್ಳೆಯದು.

1878ರಲ್ಲಿ ಅವರನ್ನು ಇಂಗ್ಲೆಂಡಿಗೆ ಕಳುಹಿಸಲಾಯಿತು. ವಕೀಲರಾಗಿ ಬರಲೆಂದು ಮನೆಯವರ ಆಸೆ. 1880ರಲ್ಲಿ ಯಾವ ಪದವಿಯನ್ನೂ ಪಡೆಯದೆ ಮರಳಿದರು. ಆದರೆ ಬರಿಗೈಯಲ್ಲಿ ಬರಲಿಲ್ಲ. ಐರ್ಲೆಂಡ್, ಸ್ಕಾಟ್ಲೆಂಡ್ ದೇಶಗಳ ಹಾಡುಗಳ ಧಾಟಿಗಳು ಅವರ ಕಂಠದಲ್ಲಿದ್ದವು. ಆ ಧಾಟಿಗಳನ್ನೂ ನಮ್ಮ ರಾಗಗಳನ್ನೂ ಬೆರೆಸಿ, ಆದ್ಯಂತವಾಗಿ ಹಾಡಿನಲ್ಲಿಯೇ ನಡೆಯುವ ವಾಲ್ಮೀಕಿ ಪ್ರತಿಭಾ ಎಂಬ ನಾಟಕವನ್ನು ರಚಿಸಿದರು. 1881ನೆಯ ಇಸವಿ ಫೆಬ್ರವರಿ 26ನೆಯ ತಾರೀಖಿನಲ್ಲಿ ಅದು ಅವರ ಮನೆಯಲ್ಲಿಯೇ ವಿದ್ವಾಂಸರ ಸಭೆಯ ಮುಂದೆ ಆಡಲ್ಪಟ್ಟಿತು. ವನದೇವತೆಯರ ಮೇಳ, ಕಳ್ಳರ ಮೇಳ ಎಂದು ಅದರಲ್ಲಿ ಹಲವರು ಕೂಡಿ ಹಾಡುವ ಹಾಡುಗಳು ಅನೇಕವಿದ್ದವು.

ಆ ನಾಟಕದ ತಿರುಳು ಹಕ್ಕಿಯೇ. ವಾಲ್ಮೀಕಿಯು ಕಳ್ಳರ ನಾಯಕನಾಗಿದ್ದಾಗ ಅವನ ಕಡೆಯವರು ಬಲಿಕೊಡಲೆಂದು ಪುಟ್ಟ ಹುಡುಗಿಯೊಬ್ಬಳನ್ನು ಹಿಡಿದು ತರುತ್ತಾರೆ. ಅವಳ ಅಳುವನ್ನು ಕೇಳಿ ನಾಯಕನ ಎದೆ ಕರಗುತ್ತದೆ. ತರುವಾಯ ಬೇಡರು ಕ್ರೌಂಚಪಕ್ಷಿಗಳ ಜೋಡಿಯಲ್ಲಿ ಒಂದನ್ನು ಹೊಡೆದುರುಳಿಸಿದಾಗ, ಆ ಶೋಕದಿಂದ ಅವನ ಬಾಯಲ್ಲಿ ಮೊದಲ ಶ್ಲೋಕವು ಹುಟ್ಟುತ್ತದೆ. ಕೊನೆಗೆ ಆ ಹುಡುಗಿಯ ವೇಷದಲ್ಲಿ ಬಂದಿದ್ದವಳು ಸರಸ್ವತಿಯೇ ಎಂದು ತಿಳಿದುಬರುತ್ತದೆ. ಇಪ್ಪತ್ತು ತುಂಬದ ರವೀಂದ್ರರು ವಾಲ್ಮೀಕಿಯ ಪಾತ್ರವನ್ನೂ, ಅವರ ಅಣ್ಣನ ಮಗಳು ಪ್ರತಿಭಾದೇವಿಯು ಸರಸ್ವತಿಯ ಪಾತ್ರವನ್ನೂ ಧರಿಸಿದರು. ಗೃಹಸ್ಥರ ಮನೆಯ ಹೆಣ್ಣುಮಗಳು ಸಭೆಯ ಮುಂದೆ ಹಾಡುವುದೆಂದರೆ ಆ ಕಾಲದಲ್ಲಿ ಸಾಮಾನ್ಯವಾದ ಮಾತಾಗಿರಲಿಲ್ಲ. ಹಕ್ಕಿಯ ನೋವು, ಹುಡುಗಿಯ ಅಳು, ಹಲವರ ಹಾಡು ಎಂಬ ಈ ಮೂರೂ ಅವರ ಮೊದಲ ನಾಟಕದಲ್ಲಿಯೇ ಸೇರಿದ್ದವು. ಕೊನೆಯವರೆಗೂ ಇವು ಅವರನ್ನು ಬಿಡಲಿಲ್ಲ.

ಇನ್ನು ನಮ್ಮ ಕರಾವಳಿಯ ಸಂಗತಿಗೆ ಬರೋಣ. ಅವರ ಅಣ್ಣ ಸತ್ಯೇಂದ್ರನಾಥರು ಐ. ಸಿ. ಎಸ್. ಪರೀಕ್ಷೆಯಲ್ಲಿ ತೇರ್ಗಡೆಯಾದ ಮೊದಲನೆಯ ಭಾರತೀಯರು. ಅವರು ಕಾರವಾರದಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದಾಗ, 1883ರಲ್ಲಿ, ರವೀಂದ್ರರು ಮನೆಯವರೊಂದಿಗೆ ಅಲ್ಲಿಗೆ ಬಂದು ಉಳಿದರು. ಆಗ ಅವರ ವಯಸ್ಸು 22. ಅರ್ಧಚಂದ್ರಾಕಾರವಾದ ಮರಳದಂಡೆ, ಅದರ ಉದ್ದಕ್ಕೂ ಗಾಳಿಮರಗಳ ತೋಪು, ಒಂದು ಕೊನೆಯಲ್ಲಿ ಬೆಟ್ಟಗಳ ನಡುವಿನಿಂದ ಬಂದು ಕಡಲನ್ನು ಸೇರುವ ಕಾಳೀನದಿ, ಇವೆಲ್ಲ ಅವರ ಮನಸ್ಸನ್ನು ಸೂರೆಗೊಂಡವು. ಒಂದು ಬೆಳದಿಂಗಳ ರಾತ್ರಿ ಚಿಕ್ಕ ದೋಣಿಯಲ್ಲಿ ನದಿಯ ಮೇಲುಗಡೆಗೆ ಹೋಗಿ, ಶಿವಾಜಿಯ ಹಳೆಯ ಗಿರಿದುರ್ಗದ ಬುಡದಲ್ಲಿ ಇಳಿದು, ರೈತನೊಬ್ಬನ ಗುಡಿಸಿ ಸಾರಿಸಿದ ಅಂಗಳದಲ್ಲಿ ಕುಳಿತು ಊಟ ಮಾಡಿದರು. ಇಳಿತದ ನೀರಿನಲ್ಲಿ ಹಿಂತಿರುಗಿ ಅಳಿವೆಯ ಬಳಿ ದೋಣಿಯಿಂದಿಳಿದು ಮರಳಿನ ಮೇಲೆ ನಡೆದುಕೊಂಡೇ ಮನೆಗೆ ಬಂದರು. ನಡುರಾತ್ರಿ ಮೀರಿದ್ದಿತು. ಕಡಲು ನಿಶ್ಚಲವಾಗಿದ್ದಿತು, ಸದಾ ಮರ್ಮರಿಸುವ ಗಾಳಿಮರಗಳೂ ಮೌನವಾಗಿದ್ದವು. ಮನೆಗೆ ಬಂದವರು ನಿದ್ರೆಮಾಡದೆ ಆ ರಾತ್ರಿಯನ್ನು ಕವಿತೆಯಾಗಿ ಬರೆದರು.

ಕಾರವಾರದಲ್ಲಿಯೇ ಅವರು ಪ್ರಕೃತಿಯ ಪ್ರತಿಶೋಧ ಎಂಬ ನಾಟಕವನ್ನು ಬರೆದರು. ಅದರ ಕಥೆ ಹೀಗಿದೆ. ಒಬ್ಬ ಸಂನ್ಯಾಸಿಯು ಪ್ರೀತಿ, ಮಮತೆ, ಆಸೆ ಎಂಬ ಎಲ್ಲ ಕಟ್ಟುಗಳನ್ನೂ ಕತ್ತರಿಸಿಕೊಂಡು ಏಕಾಕಿಯಾಗಿ ಗುಹೆಯಲ್ಲಿ ತಪಸ್ಸು ಮಾಡಿ, ತಾನು ಪ್ರಕೃತಿಯನ್ನು ಗೆದ್ದೆನೆಂದು ಹೆಮ್ಮೆಪಡುತ್ತಾನೆ. ಆಗ ಊರವರು ಹೊಲೆಯೆಂದು ದೂರವಿಟ್ಟ ಅನಾಥೆಯಾದ ಚಿಕ್ಕ ಹುಡುಗಿಯೊಬ್ಬಳು ಅವನನ್ನು ತಂದೆಯೆಂದು ನಂಬಿ ಬೆನ್ನು ಹತ್ತುತ್ತಾಳೆ. ಅವಳ ಮೇಲೆ ತನಗೆ ಮಮತೆ ಹುಟ್ಟಿತೆಂದು ಹೆದರಿ ಅವನು ಅವಳನ್ನು ಬಿಟ್ಟು ಓಡಿಹೋಗುತ್ತಾನೆ. ಓಡಿದಷ್ಟೂ ಅವಳ ಮುಖವೇ ಕಾಣುತ್ತದೆ. ಕೊನೆಗೆ ದಂಡಕಮಂಡಲುಗಳನ್ನು ಎಸೆದು ಹಿಂದಿರುಗುವಷ್ಟರಲ್ಲಿ ಹುಡುಗಿಯು ತೀರಿಕೊಂಡಿರುತ್ತಾಳೆ. ಅನಂತವಾದುದು ಸಂಸಾರದ ಹೊರಗೆ ಎಲ್ಲಿಯೋ ಇಲ್ಲ, ಈ ಸಣ್ಣ ಸಣ್ಣ ನಂಟುಗಳ ಒಳಗೇ ಇದೆ ಎಂಬ ತತ್ತ್ವವು ತಮಗೆ ಹೊಳೆದುದು ಆಗಲೇ ಎಂದೂ, ತಮ್ಮ ಮುಂದಿನ ಬರವಣಿಗೆಗೆಲ್ಲ ಅದೇ ಪೀಠಿಕೆಯೆಂದೂ ಅವರು ಮುಂದೆ ತಿಳಿಸಿದ್ದಾರೆ.

ಕಾರವಾರದಿಂದ ಹಿಂದಿರುಗುವಾಗ ಹಡಗಿನ ಅಟ್ಟದ ಮೇಲೆ ಕುಳಿತು ಆ ನಾಟಕಕ್ಕಾಗಿ ಕೆಲವು ಹಾಡುಗಳನ್ನು ರಚಿಸಿದರು. ಅವುಗಳಲ್ಲಿ ಮೊದಲನೆಯದನ್ನು ಹಾಡುತ್ತ ಹಾಡುತ್ತಲೇ ಬರೆದಾಗ ಅವರಿಗೆ ಅಪಾರವಾದ ಸಂತೋಷವುಂಟಾಯಿತಂತೆ. ಅದು ಗೊಲ್ಲರ ಹುಡುಗರು ಬೆಳಗಾದೊಡನೆ ಯಶೋದೆಯ ಮನೆಯ ಬಾಗಿಲಿಗೆ ಬಂದು, ತಮ್ಮ ಗೆಳೆಯನನ್ನು ತಮ್ಮೊಡನೆ ಬಯಲಿಗೆ ಕಳುಹಿಸಬೇಕೆಂದು ಬೇಡುವ ಹಾಡು. ಒಬ್ಬನ ಬಾಯಿಗೆ ಹೇಳಿದ ಹಾಡಲ್ಲ, ಜೊತೆಗಾರರೆಲ್ಲರ ಹಾಡು. ಸಂನ್ಯಾಸಿಯು ಒಂಟಿಯಾಗಿ ಹುಡುಕಿದ ಆನಂದವನ್ನು ಈ ಹುಡುಗರು ಕೂಡಿ ಆಡುವುದರಲ್ಲಿ ಕಂಡಿದ್ದರು. ನಮ್ಮ ಕಡಲಿನ ಮೇಲೆ ಹುಟ್ಟಿದ ಈ ಗೀತೆ ರವೀಂದ್ರರ ಬಾಳಿನಲ್ಲಿ ಒಂದು ಮೈಲಿಗಲ್ಲಾಗಿದೆ.

ಇಲ್ಲಿ ಸತ್ಯವನ್ನು ಮರೆಮಾಡದೆ ಹೇಳಬೇಕಾದ ಒಂದು ಮಾತುಂಟು. ಹುಡುಗಿಯೊಬ್ಬಳ ದುಃಖವನ್ನು ಅಷ್ಟು ಚೆನ್ನಾಗಿ ಬರೆದ ಈ ಯುವಕರು ಅದೇ 1883ರ ಡಿಸೆಂಬರ್ 9ರಂದು ಸುಮಾರು ಹತ್ತು ವರ್ಷದ ಬಾಲೆಯೊಬ್ಬಳನ್ನು ಮದುವೆಯಾದರು. ಭವತಾರಿಣಿಯೆಂಬ ಅವಳ ಹೆಸರನ್ನು ಮೃಣಾಲಿನಿಯೆಂದು ಬದಲಾಯಿಸಲಾಯಿತು. ಮದುವೆಯ ತರುವಾಯ ಆಕೆಯನ್ನು ಕಲ್ಕತ್ತೆಯಲ್ಲಿ ಕ್ರೈಸ್ತ ಕನ್ಯಾಸ್ತ್ರೀಯರು ನಡೆಯಿಸುತ್ತಿದ್ದ ಲೊರೆಟೋ ಶಾಲೆಗೆ ಕಳುಹಿಸಿ ಓದಿಸಿದರು. ಮುಂದೆ 1901ರಲ್ಲಿ ರವೀಂದ್ರರು ತಮ್ಮ ಹಿರಿಯ ಮಗಳು ಮಾಧುರೀಲತೆಯನ್ನು 14ನೆಯ ವಯಸ್ಸಿನಲ್ಲಿಯೂ, ಎರಡನೆಯವಳಾದ ರೇಣುಕೆಯನ್ನು 10ನೆಯ ವಯಸ್ಸಿನಲ್ಲಿಯೂ ಮದುವೆಮಾಡಿಕೊಟ್ಟರು. ಕಾವ್ಯದಲ್ಲಿ ಕಂಡ ಬೆಳಕನ್ನು ಮನೆಯಲ್ಲಿ ಆಚರಣೆಗೆ ತರುವುದು ಮಹಾಪುರುಷರಿಗೂ ಕಷ್ಟವೆಂಬುದಕ್ಕೆ ಇದು ನಿದರ್ಶನ. ಹಕ್ಕಿಗೆ ರೆಕ್ಕೆ ಬಲಿಯುವ ಮೊದಲೇ ಗೂಡಿನಿಂದ ತೆಗೆದಂತಾಯಿತೆಂದು ಹೇಳಿದರೆ ತಪ್ಪಾಗಲಾರದು.

1901ನೆಯ ಇಸವಿ ಡಿಸೆಂಬರ್ 22ನೆಯ ತಾರೀಖಿನಲ್ಲಿ ಅವರು ಬೋಲಪುರದ ಬಳಿಯ ಶಾಂತಿನಿಕೇತನದಲ್ಲಿ ಐವರು ಹುಡುಗರೊಂದಿಗೆ ಒಂದು ಶಾಲೆಯನ್ನು ತೆರೆದರು. ತಾವು ಬಾಲ್ಯದಲ್ಲಿ ಕಂಡ ಪಂಜರದಂತಹ ಶಾಲೆ ಬೇರೆ ಮಕ್ಕಳಿಗೆ ಬೇಡವೆಂದು, ಮರಗಳ ಕೆಳಗೆ, ತೆರೆದ ಬಯಲಿನಲ್ಲಿ ಪಾಠಗಳನ್ನು ನಡೆಯಿಸಿದರು. ಹಣದ ಅಡಚಣೆ ಬಹಳವಿದ್ದಿತು. ಮೃಣಾಲಿನೀದೇವಿಯವರು ತಮ್ಮ ಒಡವೆಗಳನ್ನೇ ಶಾಲೆಗಾಗಿ ಬಿಚ್ಚಿಕೊಟ್ಟರು. ಆದರೆ ಆ ಸಾಧ್ವಿಯು ಶಾಲೆಯ ಏಳಿಗೆಯನ್ನು ನೋಡುವಷ್ಟು ಕಾಲ ಬದುಕಲಿಲ್ಲ. 1902ರ ನವೆಂಬರ್ 23ರಂದು ಕಾಲವಾದರು. ಮರುವರ್ಷವೇ ರೇಣುಕೆ ಕಾಯಿಲೆಯಿಂದ ತೀರಿಕೊಂಡಳು. 1905ರಲ್ಲಿ ವೃದ್ಧ ತಂದೆಯವರು ಹೋದರು. 1907ರ ನವೆಂಬರ್ 23ರಂದು, ತಾಯಿ ತೀರಿದ ಅದೇ ತಾರೀಖಿನಲ್ಲಿ, ಕಿರಿಯ ಮಗ ಶಮೀಂದ್ರನು ವಾಂತಿಭೇದಿಯ ರೋಗಕ್ಕೆ ತುತ್ತಾದನು. ಅವನಿಗೆ ಆಗ ಇನ್ನೂ ಹನ್ನೊಂದು ವರ್ಷ ತುಂಬಿರಲಿಲ್ಲ.

ಐದು ವರ್ಷಗಳಲ್ಲಿ ಗೂಡು ಹೀಗೆ ಬರಿದಾಯಿತು. ಆದರೂ ಆ ವರ್ಷಗಳಲ್ಲಿ ಅವರು ಹಾಡುವುದನ್ನು ನಿಲ್ಲಿಸಲಿಲ್ಲ. 1905ರಲ್ಲಿ ಬಂಗಾಳವನ್ನು ಎರಡಾಗಿ ಒಡೆದಾಗ, ಅಕ್ಟೋಬರ್ 16ರಂದು ಅವರು ಜನರೊಡನೆ ಬೀದಿಗಿಳಿದು, ಹಿಂದುಗಳೂ ಮುಸಲ್ಮಾನರೂ ಒಬ್ಬರಿಗೊಬ್ಬರು ರಾಖಿಯನ್ನು ಕಟ್ಟುವಂತೆ ಮಾಡಿದರು. ಅದಕ್ಕಾಗಿಯೇ ರಚಿಸಿದ ಹಾಡನ್ನು ಮೆರವಣಿಗೆಯವರೆಲ್ಲ ಹಾಡಿದರು. ರಾಗತಾಳಗಳನ್ನು ಅಭ್ಯಸಿಸದ ಜನರ ಬಾಯಲ್ಲಿಯೂ ನಿಲ್ಲುವಂತಹ ಸರಳವಾದ ಧಾಟಿಗಳನ್ನು ಅವರು ಆಗ ಬಾವುಲರೆಂಬ ಅಲೆಮಾರಿ ಗಾಯಕರಿಂದ ಎತ್ತಿಕೊಂಡರು.

ಮನೆಯ ದುಃಖವು ಪಕ್ವವಾಗಿ ಹಾಡಾದುದು 1910ರಲ್ಲಿ ಪ್ರಕಟವಾದ ಗೀತಾಂಜಲಿಯಲ್ಲಿ. ಅದರಲ್ಲಿ ಒಂದೇ ಒಂದು ನಮಸ್ಕಾರದಲ್ಲಿ ತನ್ನನ್ನೆಲ್ಲ ದೇವರಿಗೆ ಒಪ್ಪಿಸಬೇಕೆಂದು ಬೇಡುವ ಗೀತೆಯೊಂದುಂಟು. ಅದರಲ್ಲಿ ಮಳೆಯ ಭಾರದಿಂದ ಬಾಗಿದ ಮೋಡವೂ, ಕಡಲಿನ ಮೌನದಲ್ಲಿ ಸೇರಿಹೋಗುವ ನಾನಾ ರಾಗಗಳ ಹೊನಲೂ ಬರುತ್ತವೆ. ಕೊನೆಯಲ್ಲಿ ಹಗಲಿರುಳೂ ಮಾನಸದ ಕಡೆಗೆ ಹಾರುವ ಹಂಸಗಳ ಸಾಲು ಬರುತ್ತದೆ. 1912ರಲ್ಲಿ ಅವರು ತಾವೇ ಇಂಗ್ಲಿಷಿನಲ್ಲಿ ಗೀತಾಂಜಲಿಯನ್ನು ಹೊರತಂದಾಗ ಇದನ್ನೇ ಕೊನೆಯ, ಅಂದರೆ 103ನೆಯ, ಗೀತೆಯಾಗಿ ಇಟ್ಟರು. ಮರುವರ್ಷ ಆ ಪುಸ್ತಕದ ಮೂಲಕ ನೊಬೆಲ್ ಬಹುಮಾನವು ಅವರಿಗೆ ದೊರೆತು ಲೋಕವೆಲ್ಲ ಅವರ ಹೆಸರನ್ನು ಕೇಳಿತು.

ಆ ಹಕ್ಕಿಗಳ ಉಪಮಾನವನ್ನು ಸ್ವಲ್ಪ ವಿಚಾರಿಸಿ ನೋಡಬೇಕು. ಮಾನಸಕ್ಕೆ ಹೋಗುವ ಹಂಸಗಳು ಕಾಳಿದಾಸನ ಕಾಲದಿಂದಲೂ ನಮ್ಮ ಸಾಹಿತ್ಯದಲ್ಲಿವೆ. ನಮ್ಮ ಕನ್ನಡನಾಡಿನಲ್ಲಿಯೇ ಗದಗ ಜಿಲ್ಲೆಯ ಮಾಗಡಿಯ ಕೆರೆಗೆ ಪ್ರತಿವರ್ಷ ಚಳಿಗಾಲದಲ್ಲಿ ಪಟ್ಟೆತಲೆಯ ಹೆಬ್ಬಾತುಗಳು ಸಾವಿರಗಟ್ಟಲೆ ಬಂದು, ಬೇಸಗೆಗೆ ಮುನ್ನ ಹಿಮಾಲಯದಾಚೆಗೆ ಮರಳುವುದನ್ನು ಯಾರೂ ಕಾಣಬಹುದು. ಇಷ್ಟು ದೂರದ ಪಯಣವನ್ನು ಆ ಹಕ್ಕಿಗಳು ಸಾಲುಗಟ್ಟಿ ಮಾಡುತ್ತವೆ. ಮುಂದಿನ ಹಕ್ಕಿಯ ರೆಕ್ಕೆಯಿಂದ ಎದ್ದ ಗಾಳಿಯು ಹಿಂದಿನದನ್ನು ಎತ್ತಿ ಹಿಡಿಯುತ್ತದೆ. ಮುಂದಿನದು ದಣಿದಾಗ ಇನ್ನೊಂದು ಆ ಸ್ಥಾನವನ್ನು ತೆಗೆದುಕೊಳ್ಳುತ್ತದೆ. ಮೇಳದ ಹಾಡಿನಲ್ಲಿಯೂ ಹೀಗೆಯೇ. ಒಬ್ಬಳು ಉಸಿರು ತೆಗೆದುಕೊಳ್ಳುವಾಗ ಪಕ್ಕದವಳು ಸ್ವರವನ್ನು ಬಿಡದೆ ಹಿಡಿದಿರುತ್ತಾಳೆ. ಕೇಳುವವರಿಗೆ ಹಾಡು ಎಲ್ಲಿಯೂ ಕಡಿದಂತೆ ತೋರದು. ನಮ್ಮ ಶಾಲೆಯ ಪ್ರಾರ್ಥನಾಮಂದಿರದಲ್ಲಿ ಸಾಲಾಗಿ ನಿಂತು ಹಾಡಿದವರಿಗೆ ಇದು ಅನುಭವದ ಮಾತು. ಆ ಗೀತೆಯನ್ನು ಇಂದಿಗೂ ಹಲವರು ಕೂಡಿ ಹಾಡುತ್ತಾರೆ. ಮಡದಿಯನ್ನೂ ಮಕ್ಕಳನ್ನೂ ಕಳೆದುಕೊಂಡು ಒಂಟಿಯಾದ ಮನುಷ್ಯನು ದೇವರ ಬಳಿಗೆ ಹೋಗುವ ದಾರಿಯನ್ನು ಹೇಳುವಾಗ ಒಂಟಿ ಹಕ್ಕಿಯನ್ನು ಆರಿಸಿಕೊಳ್ಳದೆ, ಹಕ್ಕಿಗಳ ಸಾಲನ್ನು ಆರಿಸಿಕೊಂಡನೆಂಬುದನ್ನು ಗಮನಿಸಿರಿ.

1915ರಲ್ಲಿ ಅವರು ಕಾಶ್ಮೀರದ ಶ್ರೀನಗರಕ್ಕೆ ಹೋಗಿದ್ದರು. ಸಂಜೆಗತ್ತಲಲ್ಲಿ ಝೀಲಂ ನದಿಯ ಮೇಲೆ ದೋಣಿಮನೆಯಲ್ಲಿ ಕುಳಿತಿರುವಾಗ, ಕಾಡುಬಾತುಗಳ ಹಿಂಡೊಂದು ರೆಕ್ಕೆಗಳ ಸದ್ದಿನಿಂದ ನಿಶ್ಶಬ್ದವನ್ನು ಸೀಳಿಕೊಂಡು ತಲೆಯ ಮೇಲಿನಿಂದ ಹಾರಿಹೋಯಿತು. ಆ ಸದ್ದನ್ನು ಕೇಳಿದೊಡನೆ ನಿಂತ ಬೆಟ್ಟಗಳೂ ಮರಗಳೂ ಮಣ್ಣೊಳಗಿನ ಬೀಜಗಳೂ ಸಹ ಹಾರಲು ತವಕಪಡುತ್ತಿರುವಂತೆ ಅವರಿಗೆ ತೋರಿತು. ಆ ಅನುಭವವನ್ನು ಬರೆದ ಕವಿತೆಯನ್ನೊಳಗೊಂಡ ಸಂಗ್ರಹಕ್ಕೆ ಬಲಾಕಾ, ಅಂದರೆ ಹಾರುವ ಹಕ್ಕಿಗಳ ಸಾಲು, ಎಂದೇ ಹೆಸರಿಟ್ಟು 1916ರಲ್ಲಿ ಪ್ರಕಟಿಸಿದರು.

ಮೇಳಗಾನದ ವಿಷಯದಲ್ಲಿ ನಮ್ಮ ಕರಾವಳಿಗೂ ರವೀಂದ್ರರಿಗೂ ಇನ್ನೊಂದು ಸಂಬಂಧವಿದೆ. ಅವರ ಜನಗಣಮನ ಗೀತೆಯು 1911ರ ಡಿಸೆಂಬರ್ 27ರಂದು ಕಲ್ಕತ್ತೆಯ ಕಾಂಗ್ರೆಸ್ ಅಧಿವೇಶನದಲ್ಲಿ ಮೊದಲನೆಯ ಸಲ ಮೇಳದಲ್ಲಿ ಹಾಡಲ್ಪಟ್ಟಿತು. 1919ರ ಫೆಬ್ರವರಿಯಲ್ಲಿ ದಕ್ಷಿಣದೇಶದ ಪ್ರವಾಸದಲ್ಲಿ ಮದನಪಲ್ಲಿಯ ಕಾಲೇಜಿನಲ್ಲಿ ತಂಗಿದ್ದಾಗ, ಅವರು ಅದನ್ನು ವಿದ್ಯಾರ್ಥಿಗಳ ಮುಂದೆ ಹಾಡಿದರು, ಕೇಳುತ್ತಿದ್ದವರೆಲ್ಲ ದನಿಗೂಡಿಸಿದರು. ಅಲ್ಲಿದ್ದ ಮಾರ್ಗರೆಟ್ ಕಸಿನ್ಸ್ ಎಂಬ ಐರಿಷ್ ಮಹಿಳೆಯು ಸಂಗೀತದಲ್ಲಿ ಪದವೀಧರೆ. ಆಕೆಯು ಆ ಧಾಟಿಯನ್ನು ಸ್ವರಲಿಪಿಯಲ್ಲಿ ಬರೆದಿಟ್ಟಳು. ಅದೇ ಮಹಿಳೆಯು 1919-20ರಲ್ಲಿ ಮಂಗಳೂರಿನ ನ್ಯಾಷನಲ್ ಗರ್ಲ್ಸ್ ಸ್ಕೂಲಿನ ಮುಖ್ಯೋಪಾಧ್ಯಾಯಿನಿಯಾಗಿದ್ದಳು. 1950ನೆಯ ಇಸವಿ ಜನವರಿ 24ರಂದು ಆ ಗೀತೆಯು ನಮ್ಮ ರಾಷ್ಟ್ರಗೀತೆಯಾಗಿ ಅಂಗೀಕೃತವಾಯಿತು. ಇಂದು ಊರೂರಿನ ಶಾಲೆಗಳಲ್ಲಿ ಅದನ್ನು ಮಕ್ಕಳು ಒಂದೇ ದನಿಯಲ್ಲಿ ಹಾಡುತ್ತಾರೆ. ಅದೇ 1919ರಲ್ಲಿ ಜಲಿಯನ್‌ವಾಲಾಬಾಗಿನ ಹತ್ಯೆಯ ಸುದ್ದಿ ತಿಳಿದಾಗ ಸರಕಾರವು ತಮಗೆ 1915ರಲ್ಲಿ ಕೊಟ್ಟಿದ್ದ ಸರ್ ಎಂಬ ಬಿರುದನ್ನು ಅವರು ತ್ಯಜಿಸಿದುದನ್ನೂ ಇಲ್ಲಿ ನೆನೆಯಬೇಕು.

ಹೆಣ್ಣುಮಕ್ಕಳ ವಿಷಯದಲ್ಲಿ ಅವರ ನಡತೆ ಕ್ರಮೇಣ ಬದಲಾಯಿತು. 1910ರಲ್ಲಿ ತಮ್ಮ ಹಿರಿಯ ಮಗ ರಥೀಂದ್ರನಾಥರಿಗೆ ಬಾಲವಿಧವೆಯಾಗಿದ್ದ ಪ್ರತಿಮಾದೇವಿಯನ್ನು ತಂದುಕೊಂಡರು. ಶಾಂತಿನಿಕೇತನದಲ್ಲಿ ಹುಡುಗಿಯರಿಗೂ ಸ್ಥಳವಾಯಿತು. 1921ರಲ್ಲಿ ವಿಶ್ವಭಾರತಿಯು ಸ್ಥಾಪಿತವಾದ ಮೇಲೆ ಅಲ್ಲಿಯ ಹುಡುಗಿಯರು ಹಾಡು, ನೃತ್ಯ, ಚಿತ್ರಗಳನ್ನು ಕಲಿತು ಋತುಗಳ ಉತ್ಸವಗಳಲ್ಲಿ ಮೇಳದೊಂದಿಗೆ ಸೇರಿದರು. ಬೆಳಗಿನ ಜಾವದಲ್ಲಿ ವಿದ್ಯಾರ್ಥಿಗಳು ಹಾಡುತ್ತ ಆಶ್ರಮವನ್ನು ಸುತ್ತುವ ವೈತಾಲಿಕ ಎಂಬ ಪದ್ಧತಿಯೂ ಅಲ್ಲಿ ಬೆಳೆಯಿತು. 1926ರಲ್ಲಿ ಸ್ತ್ರೀಪಾತ್ರಗಳೇ ಇರುವ ನಟೀರ ಪೂಜಾ ಎಂಬ ನಾಟಕವನ್ನು ಹುಡುಗಿಯರಿಗಾಗಿಯೇ ಬರೆದರು. ಮುಂದೆ ಅದನ್ನು ಕಲ್ಕತ್ತೆಯಲ್ಲಿ ಆಡಿಸುವಾಗ, ಮರ್ಯಾದಸ್ಥರ ಮನೆಯ ಹೆಣ್ಣುಮಕ್ಕಳು ರಂಗದ ಮೇಲೆ ಕುಣಿಯುವರೆಂದು ಜನರು ನಿಂದಿಸಬಾರದೆಂದು, ಭಿಕ್ಷುವಿನ ಪಾತ್ರವೊಂದನ್ನು ಹೊಸದಾಗಿ ಸೇರಿಸಿ 65 ವರ್ಷದ ಕವಿಗಳು ತಾವೇ ಆ ವೇಷವನ್ನು ಧರಿಸಿ ಅವರೊಡನೆ ರಂಗದ ಮೇಲೆ ಬಂದರು. ರೆಕ್ಕೆ ಬಲಿಯದ ಹಕ್ಕಿಗಳ ಪಕ್ಕದಲ್ಲಿ ಹಿರಿಯ ಹಕ್ಕಿಯು ಹಾರುವುದೆಂದರೆ ಇದೇ ಅಲ್ಲವೇ? ಹತ್ತು ವರ್ಷದ ರೇಣುಕೆಗೆ ಕೊಡಲಾಗದುದನ್ನು ಅವರು ಇತರರ ಹೆಣ್ಣುಮಕ್ಕಳಿಗೆ ಕೊಟ್ಟರು.

ಕಾರವಾರದ ನಾಟಕದಲ್ಲಿ ತೀರಿಹೋದ ಆ ಅನಾಥೆಯನ್ನೂ ಅವರು ಮರೆತಿರಲಿಲ್ಲವೆಂದು ನಮಗೆ ತೋರುತ್ತದೆ. ಐವತ್ತು ವರ್ಷಗಳ ಬಳಿಕ, 1933ರಲ್ಲಿ, ಚಂಡಾಲಿಕಾ ಎಂಬ ನಾಟಕವನ್ನು ಬರೆದರು. ಅದರಲ್ಲಿಯೂ ಊರವರು ಮುಟ್ಟದ ಹುಡುಗಿಯೊಬ್ಬಳಿದ್ದಾಳೆ. ಬೌದ್ಧಭಿಕ್ಷುವಾದ ಆನಂದನು ಅವಳ ಕೈಯಿಂದ ನೀರನ್ನು ಬೇಡಿ ಕುಡಿಯುವುದರಿಂದ, ತಾನೂ ಮನುಷ್ಯಳೆಂಬ ತಿಳಿವು ಅವಳಿಗೆ ಮೊದಲ ಬಾರಿಗೆ ಉಂಟಾಗುತ್ತದೆ. ಹಿಂದಿನ ಹುಡುಗಿಯು ಮೂಕವಾಗಿ ಹಿಂಬಾಲಿಸಿ ಸತ್ತಳು. ಈ ಹುಡುಗಿಯು ಎದ್ದು ನಿಂತು ತನ್ನ ಮಾತನ್ನು ತಾನೇ ಆಡುತ್ತಾಳೆ. 1938ರಲ್ಲಿ ಅದೇ ಕಥೆಯನ್ನು ಹಾಡು ಕುಣಿತಗಳ ನೃತ್ಯನಾಟ್ಯವಾಗಿಯೂ ಮಾಡಿದರು.

1939ರ ಡಿಸೆಂಬರಿನಲ್ಲಿ, ವೃದ್ಧಾಪ್ಯದಿಂದಲೂ ರೋಗದಿಂದಲೂ ಕುಗ್ಗಿದ್ದ ಕವಿಗಳು ಅಂಚೆಮನೆ ಎಂಬ ತಮ್ಮ ಹಳೆಯ ನಾಟಕಕ್ಕಾಗಿ ಒಂದು ಹೊಸ ಹಾಡನ್ನು ಬರೆದರು. ಮುಂದೆ ಹರಡಿರುವ ಶಾಂತವಾದ ಕಡಲಿಗೆ ದೋಣಿಯನ್ನು ಇಳಿಸಬೇಕೆಂದು ಅಂಬಿಗನನ್ನು ಬೇಡುವ ಹಾಡು ಅದು. ತಾವು ತೀರಿಕೊಂಡ ಮೇಲೆ ಅದನ್ನು ಹಾಡಬೇಕೆಂದು ಅವರು ಅಪೇಕ್ಷಿಸಿದ್ದರು. 1941ನೆಯ ಇಸವಿ ಆಗಸ್ಟ್ 7ನೆಯ ತಾರೀಖಿನಲ್ಲಿ, ತಾವು ಹುಟ್ಟಿದ ಜೋಡಾಸಾಂಕೋದ ಮನೆಯಲ್ಲಿಯೇ ಅವರು ಕಾಲವಾದರು. ಅವರ ಅಪೇಕ್ಷೆಯಂತೆ ಶಾಂತಿನಿಕೇತನದಲ್ಲಿ ಆ ಹಾಡನ್ನು ಹಾಡಲಾಯಿತು. ಕಾರವಾರದ ದಂಡೆಯಲ್ಲಿ ಯುವಕನಾಗಿ ನೋಡಿದ ಕಡಲು ಅವರ ಕೊನೆಗಾಲದ ಈ ಹಾಡಿಗೂ ಉಪಮಾನವಾಗಿ ಒದಗಿತು.

ಅವರು ರಚಿಸಿದ ಗೀತೆಗಳ ಸಂಖ್ಯೆ 2,000ಕ್ಕೂ ಮಿಕ್ಕಿದೆ. ಬೆಂಗಳೂರಿನ ರವೀಂದ್ರ ಕಲಾಕ್ಷೇತ್ರವು ಅವರ ಜನ್ಮಶತಾಬ್ದಿಯ ಸ್ಮಾರಕವಾಗಿ ನಿಂತಿದೆ. ಕಾರವಾರದ ಮರಳದಂಡೆಗೆ ಅವರ ಹೆಸರನ್ನೇ ಇಟ್ಟಿದ್ದಾರೆ. ಇವೆಲ್ಲ ಕಣ್ಣಿಗೆ ಕಾಣುವ ಸ್ಮಾರಕಗಳು. ಕಿವಿಗೆ ಕೇಳುವ ಸ್ಮಾರಕವೆಂದರೆ ಹಲವರು ಕೂಡಿ ಹಾಡುವ ಹಾಡು.

ಪ್ರಿಯ ಸಹೋದರಿಯರೇ, ನಮ್ಮ ಶಾಲೆಯ ಮೇಳದಲ್ಲಿ ಒಂದು ಕಾಲದಲ್ಲಿ ಒಟ್ಟಿಗೆ ನಿಂತು ಹಾಡಿದ ನಾವು ಈಗ ಹಲವು ಊರುಗಳಿಗೆ, ಹಲವು ಮನೆಗಳಿಗೆ ಚದುರಿಹೋಗಿದ್ದೇವೆ. ಮನೆಗೆಲಸದ ನಡುವೆ ಎಷ್ಟೋ ಮಂದಿಯ ಕಂಠವು ಹಾಡುವುದನ್ನೇ ಮರೆತಿರಬಹುದು. ತಾಯಿತಂದೆಗಳಾದವರೂ ಮಗಳ ಮದುವೆ ನಿಶ್ಚಯವಾದೊಡನೆ ಅವಳ ಸಂಗೀತವನ್ನು ನಿಲ್ಲಿಸುವುದುಂಟು. ರವೀಂದ್ರರಂತಹ ಮಹನೀಯರೇ ಆ ತಪ್ಪನ್ನು ಮಾಡಿ, ನೊಂದು, ಬಾಳಿನ ಉತ್ತರಾರ್ಧವನ್ನು ಹೆಣ್ಣುಮಕ್ಕಳ ಕಂಠವನ್ನು ತೆರೆಯಿಸುವುದರಲ್ಲಿ ಕಳೆದರೆಂಬುದನ್ನು ನಾವು ನೆನಪಿನಲ್ಲಿಡೋಣ. ಬರುವ ಮಾಗಿಯಲ್ಲಿ ಕಂದು ತಲೆಯ ಕಡಲಹಕ್ಕಿಗಳು ಸಾವಿರಾರು ಮೈಲಿಗಳನ್ನು ಕೂಡಿ ಹಾರಿ ಮತ್ತೆ ಉಚ್ಚಿಲದ ದಂಡೆಗೆ ಇಳಿಯುತ್ತವೆ. ಆಗ ನಾವೂ ಮಕ್ಕಳನ್ನು ಕೈಹಿಡಿದು ಕಡಲ ತಡಿಗೆ ಕರೆದೊಯ್ದು, ಅವುಗಳು ಎಲ್ಲಿಂದ ಬಂದುವೆಂಬುದನ್ನು ತಿಳಿಸಿ, ಶಾಲೆಯಲ್ಲಿ ಕಲಿತ ಹಾಡೊಂದನ್ನು ಅವರೊಡನೆ ಕೂಡಿ ಹಾಡೋಣ.